ಮನಸ್ಸಿನ ಗಾಯಕ್ಕೆ ನ್ಯಾಯವೂ ಮದ್ದು

ತಲೆನೋವು, ನಿದ್ರಾಹೀನತೆ, ಎದೆ ಡವಗುಟ್ಟುವುದು, ಸದಾ ಸುಸ್ತು - ಇಂತಹ ತೊಂದರೆಗಳಿಂದ ವೈದ್ಯರ ಬಳಿ ಬರುವ ಕೆಲವರಲ್ಲಿ ರಕ್ತಪರೀಕ್ಷೆ, ಇ.ಸಿ.ಜಿ. ಎಲ್ಲವೂ ಸರಿಯಾಗಿಯೇ ಇರುತ್ತವೆ. ‘ನಿಮಗೇನೂ ಆಗಿಲ್ಲ, ಸುಮ್ಮನೆ ಯೋಚಿಸಬೇಡಿ’ ಎಂದು ಕಳುಹಿಸಿಬಿಟ್ಟರೆ ಅವರ ನರಳಿಕೆ ನಿಲ್ಲುವುದಿಲ್ಲ. ಎಲ್ಲರಲ್ಲೂ ಅಲ್ಲದಿದ್ದರೂ ಕೆಲವರಲ್ಲಿ ಇದರ ಹಿಂದೆ ಹೊಡೆತ, ಬೆದರಿಕೆ ಅಥವಾ ಲೈಂಗಿಕ ದೌರ್ಜನ್ಯದ ನೆನಪು ಅಡಗಿರುತ್ತದೆ. ಇದನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ಅಮೆರಿಕದ ಮನೋವೈದ್ಯೆ ಡಾ. ಜುಡಿತ್ ಹರ್ಮನ್ ಪ್ರಮುಖರು.

1942ರಲ್ಲಿ ಜನಿಸಿದ ಹರ್ಮನ್ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿದರು. ಅವರ ತಾಯಿ ಹೆಲೆನ್ ಬ್ಲಾಕ್ ಲೂಯಿಸ್, ನಾಚಿಕೆ ಮತ್ತು ಅವಮಾನದ ಭಾವನೆಗಳನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ. ಹರ್ಮನ್ ಮನೋವೈದ್ಯೆಯಾಗಿ ಕೆಲಸ ಆರಂಭಿಸಿದ ಕಾಲದಲ್ಲಿ ಅಲ್ಲಿ ಮಹಿಳಾ ಚಳವಳಿ ಬಲಗೊಳ್ಳುತ್ತಿತ್ತು. ಹೆಂಗಸರು ಒಟ್ಟಾಗಿ ಕುಳಿತು, ಅದುವರೆಗೆ ಬಾಯಿಬಿಟ್ಟು ಹೇಳದಿದ್ದ ಸಂಗತಿಗಳನ್ನು ಹೇಳಿಕೊಳ್ಳುತ್ತಿದ್ದರು. ಆ ಚಳವಳಿಯಲ್ಲಿ ಭಾಗವಹಿಸಿದ್ದ ಹರ್ಮನ್, ತಮ್ಮ ರೋಗಿಗಳ ಮಾತನ್ನೂ ಅಷ್ಟೇ ಗಮನವಿಟ್ಟು ಕೇಳಿದರು. ಬಾಲ್ಯದಲ್ಲಿ ಮನೆಯವರಿಂದಲೇ ಲೈಂಗಿಕ ದೌರ್ಜನ್ಯ ಅನುಭವಿಸಿದವರು ಒಬ್ಬರ ನಂತರ ಒಬ್ಬರು ಸಿಕ್ಕರು. ಆದರೆ 1975ರ ಒಂದು ಪ್ರಮುಖ ಪಠ್ಯಪುಸ್ತಕದ ಪ್ರಕಾರ, ಅದು ಹತ್ತು ಲಕ್ಷಕ್ಕೆ ಒಂದೆರಡು ಮಾತ್ರ ಸಂಭವಿಸುವ ಘಟನೆ! ಈ ಅನುಭವದಿಂದ ಅವರು 1981ರಲ್ಲಿ ಈ ವಿಷಯದ ಮೇಲೆ ಒಂದು ಗ್ರಂಥವನ್ನೇ ಬರೆದರು.

ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಒತ್ತಾಯದಿಂದಾಗಿ 1980ರಲ್ಲಿ ‘ಆಘಾತೋತ್ತರ ಒತ್ತಡದ ಕಾಯಿಲೆ’ ಅಮೆರಿಕದ ಮನೋರೋಗಗಳ ಪಟ್ಟಿಗೆ ಸೇರಿತ್ತು. ಘಟನೆ ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಜನರಿಂದ ದೂರವಿರುವುದು ಇದರ ಲಕ್ಷಣಗಳು. ಅಪಾಯ ಕಳೆದ ಮೇಲೂ ದೇಹ ಎಚ್ಚರಿಕೆಯ ಸ್ಥಿತಿಯಿಂದ ಹೊರಬರುವುದಿಲ್ಲ. ಯುದ್ಧಭೂಮಿಯಲ್ಲಿ ಆಗುವುದೇ ಮನೆಯೊಳಗೂ ಆಗುತ್ತದೆ ಎಂದು ಹರ್ಮನ್ 1992ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ವಿವರಿಸಿದರು. ವರ್ಷಗಟ್ಟಲೆ ನಡೆಯುವ ದೌರ್ಜನ್ಯದಿಂದ ಇನ್ನೂ ಜಟಿಲವಾದ ಸ್ಥಿತಿ ಉಂಟಾಗುತ್ತದೆ ಎಂದೂ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ, 2022ರಲ್ಲಿ ಜಾರಿಗೆ ಬಂದ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆತಿದೆ.

ಅವರು ಹೇಳುವ ಚಿಕಿತ್ಸೆಗೆ ಮೂರು ಹಂತಗಳಿವೆ. ಮೊದಲನೆಯದು ಸುರಕ್ಷತೆ, ಹೊಡೆಯುವವನ ಜೊತೆಯಲ್ಲೇ ಇರಬೇಕಾದವರಿಗೆ ಬರೀ ನಿದ್ದೆಮಾತ್ರೆ ಕೊಟ್ಟರೆ ಸಾಲದು. ಎರಡನೆಯದು, ನಡೆದುದನ್ನು ನೆನೆದು, ಹೇಳಿಕೊಂಡು, ಕಳೆದುಕೊಂಡದ್ದಕ್ಕಾಗಿ ದುಃಖಿಸುವುದು. ಮೂರನೆಯದು, ಮತ್ತೆ ನಾಲ್ಕು ಜನರೊಂದಿಗೆ ಬೆರೆತು ಬಾಳುವುದು. ದೌರ್ಜನ್ಯ ಮನುಷ್ಯನ ಕೈಯಿಂದ ಅಧಿಕಾರವನ್ನು ಕಿತ್ತುಕೊಳ್ಳುತ್ತದೆ. ಆದ್ದರಿಂದ ಪ್ರತಿ ಹೆಜ್ಜೆಯ ತೀರ್ಮಾನವೂ ನೊಂದವರದೇ ಆಗಿರಬೇಕು; ವೈದ್ಯರು ಜೊತೆಗಾರರು ಮಾತ್ರ ಎನ್ನುತ್ತಾರೆ ಅವರು.

2023ರ ಪುಸ್ತಕದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ನೊಂದವರಿಗೆ ನ್ಯಾಯವೆಂದರೆ ಏನೆಂದು ಅವರನ್ನೇ ಕೇಳಿದಾಗ, ಅನೇಕರು ಶಿಕ್ಷೆಗಿಂತ ಮಿಗಿಲಾಗಿ ಬಯಸಿದ್ದು, ತಪ್ಪು ನಡೆದದ್ದು ನಿಜವೆಂದು ಸುತ್ತಲಿನವರು ಒಪ್ಪಿಕೊಳ್ಳುವುದನ್ನು. ನಾಚಿಕೆ ಪಡಬೇಕಾದವನು ತಪ್ಪು ಮಾಡಿದವನೇ ಎಂದು ಸಾರುವುದನ್ನು. ಹೀಗಾಗಿ ಗುಣಪಡಿಸುವ ಕೆಲಸ ಆಸ್ಪತ್ರೆಯದಷ್ಟೇ ಅಲ್ಲ, ಮನೆಯವರದೂ ನೆರೆಹೊರೆಯವರದೂ ಹೌದು.

ಮನೆಯವರು ಮಾಡಬೇಕಾದುದಿಷ್ಟು: ಹೇಳಿಕೊಂಡವರ ಮಾತನ್ನು ನಂಬಿ. ‘ಆಗಲೇ ಯಾಕೆ ಹೇಳಲಿಲ್ಲ?’, ‘ಮನೆ ಮರ್ಯಾದೆ ಏನಾಗಬೇಕು?’ ಎನ್ನಬೇಡಿ. ವಿವರ ಹೇಳುವಂತೆ ಬಲವಂತ ಮಾಡಬೇಡಿ. ವಯಸ್ಕರಾದರೆ, ದೂರು ಕೊಡುವುದೋ ಬೇಡವೋ ಎಂಬುದು ಅವರ ತೀರ್ಮಾನ. ಆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ.

ಆಪ್ತಸಲಹೆಗೆ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಎಷ್ಟು ವರ್ಷ ಹಳೆಯದಾದರೂ ಈ ಗಾಯಕ್ಕೆ ಚಿಕಿತ್ಸೆ ಇದೆ ಎಂಬುದನ್ನು ಮರೆಯಬಾರದು.