ಹೊಣೆ ಹೊರುವವರೇ ಹಿರಿಯರು

ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದುವ ಮಕ್ಕಳು ನಾಳೆ ಕೆಲಸದಲ್ಲಿ ಹತ್ತು ಜನರಿಗೆ ಮೇಲಧಿಕಾರಿಗಳಾಗಬಹುದು. ಆಗ ಅಂಕಪಟ್ಟಿಯಷ್ಟೇ ನಡತೆಯೂ ಮುಖ್ಯ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಆ ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಸೋಲಿನ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ, ಪತ್ರಕರ್ತರ ಜೊತೆ ಮಾತಾಡಲು ಕಲಾಂ ಅವರನ್ನೇ ಮುಂದೆ ಕಳುಹಿಸಿದರು. ಇದನ್ನು ಕಲಾಂ ಅವರೇ ಹೇಳುತ್ತಿದ್ದರು.

ಬೈಗುಳದ ಭಯವಿದ್ದಲ್ಲಿ ಕೈಕೆಳಗಿನವರು ತಪ್ಪನ್ನು ಮುಚ್ಚಿಡುತ್ತಾರೆ. ಮೇಲಿನವರು ಹೊಣೆ ಹೊತ್ತರೆ ಅದು ಬೇಗ ಹೊರಬರುತ್ತದೆ, ತಿದ್ದಲೂ ಆಗುತ್ತದೆ. ಈ ಅಭ್ಯಾಸ ಮನೆಯಲ್ಲೇ ಶುರುವಾಗಲಿ. ಅಂಕ ಕಡಿಮೆ ಬಂತೆಂದು ಮಗು ತಾನಾಗಿ ಬಂದು ಹೇಳಿದರೆ, ಮೊದಲು ಪೂರ್ತಿ ಕೇಳಿಸಿಕೊಳ್ಳೋಣ.