ಮೈ ಮುಳುಗಿದರೆ ಸಾಕೇ? ಯಹೂದಿಗಳ ಮಿಕ್ವೆ ಮತ್ತು ನಮ್ಮ ಗುಸ್ಲ್

ಗುಸ್ಲ್ ನಮ್ಮ ಮನೆಗಳಲ್ಲಿ ಯಾರಿಗೂ ಹೊಸ ಪದವಲ್ಲ. ಜನಾಬತ್‌ನ ನಂತರ, ಮುಟ್ಟು ನಿಂತ ನಂತರ, ಹೆರಿಗೆಯ ರಕ್ತಸ್ರಾವ ನಿಂತ ನಂತರ ಅದು ಕಡ್ಡಾಯ. ಜುಮಾ ದಿನದ ಸ್ನಾನಕ್ಕೂ ಪ್ರವಾದಿ(ಸ)ರವರು ಬಹಳ ಒತ್ತು ನೀಡಿದ್ದಾರೆ. ನಮಗಿಂತ ಮೊದಲು ಗ್ರಂಥ ಪಡೆದ ಯಹೂದಿಗಳಲ್ಲೂ ಇಂಥದೊಂದು ಶುದ್ಧಿಸ್ನಾನವಿದೆ, ಇಂದಿಗೂ ಆಚರಣೆಯಲ್ಲಿದೆ. ಅದನ್ನು ಅರಿತರೆ, ನಾವು ಅವಸರದಲ್ಲಿ ಮುಗಿಸಿಬಿಡುವ ಗುಸ್ಲ್‌ನ ಬೆಲೆಯೂ ಇನ್ನಷ್ಟು ಅರ್ಥವಾಗುತ್ತದೆ.

ಮಿಕ್ವೆ ಎಂದರೇನು?

ಮಿಕ್ವೆ ಎಂಬ ಹೀಬ್ರೂ ಪದಕ್ಕೆ ಒಟ್ಟುಗೂಡಿದ ನೀರು ಎಂದರ್ಥ. ಅದು ನೆಲದೊಳಗೆ ಕಟ್ಟಿದ, ಮೆಟ್ಟಿಲುಗಳಿರುವ ಸಣ್ಣ ಕೊಳ. ಅದರಲ್ಲಿ 40 ಸೆಆ, ಅಂದರೆ ಹಲವು ನೂರು ಲೀಟರ್‌ಗಳಷ್ಟಾದರೂ ಮಳೆಯ ಅಥವಾ ಬುಗ್ಗೆಯ ನೀರು ಇರಬೇಕು. ಕೊಡದಲ್ಲಿ ತುಂಬಿ ತಂದು ಸುರಿದ ನೀರು ಈ ಲೆಕ್ಕಕ್ಕೆ ಬರುವುದಿಲ್ಲ. ಇಂದಿನ ನಗರಗಳಲ್ಲಿ ಮಳೆನೀರನ್ನು ಪಕ್ಕದ ತೊಟ್ಟಿಯಲ್ಲಿ ಹಿಡಿದಿಟ್ಟು, ನಲ್ಲಿನೀರಿನ ಕೊಳಕ್ಕೆ ಒಂದು ರಂಧ್ರದ ಮೂಲಕ ಸೇರಿಸುತ್ತಾರೆ. ಜರ್ಮನಿಯ ಸ್ಪೇಯರ್ ನಗರದಲ್ಲಿ 12ನೇ ಶತಮಾನದ ಮಿಕ್ವೆಯೊಂದು ಈಗಲೂ ಇದೆ. ಅಂತರ್ಜಲ ಸಿಗಲೆಂದು ಅದನ್ನು ಸುಮಾರು 10 ಮೀಟರ್ ಆಳಕ್ಕೆ ಕಟ್ಟಿದ್ದಾರೆ.

ಧರ್ಮನಿಷ್ಠ ಯಹೂದಿ ಕುಟುಂಬಗಳಲ್ಲಿ ವಿವಾಹಿತ ಸ್ತ್ರೀ ಮುಟ್ಟು ನಿಂತ ಮೇಲೆ ಏಳು ಶುದ್ಧ ದಿನಗಳನ್ನು ಎಣಿಸಿ, ಆ ಬಳಿಕದ ರಾತ್ರಿ ಮಿಕ್ವೆಗೆ ಹೋಗುತ್ತಾಳೆ. ಮದುವೆಗೆ ಮುನ್ನ ವಧು, ಯಹೂದಿ ಧರ್ಮಕ್ಕೆ ಸೇರುವವರು ಮುಳುಗುತ್ತಾರೆ. ಪುರುಷರಲ್ಲಿ ಹಲವರು ಯೋಮ್ ಕಿಪ್ಪೂರ್ ಎಂಬ ಪಶ್ಚಾತ್ತಾಪ ದಿನದ ಮುನ್ನಾದಿನ, ಕೆಲವರು ಸಬ್ತ್‌ಗೆ ಮುಂಚೆ ಶುಕ್ರವಾರವೂ ಹೋಗುತ್ತಾರೆ.

ಗಮನಿಸಬೇಕಾದ ಒಂದು ಸಂಗತಿ ಇದೆ. ಕೊಳಕ್ಕಿಳಿಯುವ ಮೊದಲೇ ಚೆನ್ನಾಗಿ ಸ್ನಾನ ಮಾಡಿ, ತಲೆ ಬಾಚಿ, ಉಂಗುರ, ನೇಲ್ ಪಾಲಿಶ್ ಎಲ್ಲ ತೆಗೆದಿರಬೇಕು. ಮೈಗೂ ನೀರಿಗೂ ನಡುವೆ ಏನೂ ಅಡ್ಡ ಬರಬಾರದು. ಒಂದು ಕೂದಲೂ ನೀರಿನ ಮೇಲೆ ಉಳಿಯಬಾರದು. ಅಂದರೆ ಮಿಕ್ವೆ ಕೊಳೆ ತೊಳೆಯುವ ಜಾಗವಲ್ಲ, ಅಲ್ಲಿಗೆ ಹೋಗುವವರು ಮೊದಲೇ ಶುಚಿಯಾಗಿರುತ್ತಾರೆ.

ಹಾಗಾದರೆ ತೊಳೆಯುವುದೇನನ್ನು?

ಇದಕ್ಕೆ ಯಹೂದಿ ವಿದ್ವಾಂಸ ಮೂಸಾ ಬಿನ್ ಮೈಮೂನ್ (1138-1204) ಉತ್ತರ ಕೊಟ್ಟಿದ್ದಾರೆ. ಕುರ್ತುಬಾದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ನೆಲೆಸಿದ ಇವರು ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ವಜೀರರಿಗೆ ವೈದ್ಯರಾಗಿದ್ದರು. ಅವರ ಪ್ರಕಾರ ಈ ಅಶುದ್ಧಿ ನೀರಿನಿಂದ ಹೋಗುವ ಕೆಸರೋ ಕೊಳೆಯೋ ಅಲ್ಲ. ಅದು ದೇವಾಜ್ಞೆ, ಹೃದಯದ ಸಂಕಲ್ಪಕ್ಕೆ ಸೇರಿದ ವಿಷಯ. ಯಹೂದಿಗಳ ತಲ್ಮೂದ್‌ನಲ್ಲಿ ಇನ್ನೊಂದು ಹೋಲಿಕೆ ಇದೆ: ಪಾಪವನ್ನು ಒಪ್ಪಿಕೊಂಡೂ ಅದನ್ನು ಬಿಡದವನು, ಅಶುದ್ಧವಾದ ಹರಿದಾಡುವ ಜಂತುವನ್ನು ಕೈಯಲ್ಲಿ ಹಿಡಿದೇ ನೀರಿಗಿಳಿದವನಂತೆ. ಲೋಕದ ಎಲ್ಲ ನೀರಿನಲ್ಲಿ ಮುಳುಗಿದರೂ ಅವನು ಶುದ್ಧನಾಗಲಾರ.

ಈ ಕಾಲದಲ್ಲಿ ಮಿಕ್ವೆ ಹೊಸ ರೂಪವನ್ನೂ ಪಡೆದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ನ್ಯೂಟನ್‌ನಲ್ಲಿ 2004ರಲ್ಲಿ ಆರಂಭವಾದ ಮಯೀಮ್ ಹಯ್ಯೀಮ್ (ಜೀವಜಲ) ಎಂಬ ಕೇಂದ್ರಕ್ಕೆ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರು, ಗರ್ಭಪಾತದ ನೋವುಂಡವರು, ವಿಚ್ಛೇದನ ಕಂಡವರು ಬಂದು ಮುಳುಗುತ್ತಾರೆ. ಇದು ಅವರ ಧರ್ಮದ ಕಡ್ಡಾಯವಲ್ಲ. ಮುಟ್ಟಿನ ನಿಯಮ ಹೆಣ್ಣಿಗೆ ಅವಮಾನವೆಂದು ಮಿಕ್ವೆಯಿಂದ ದೂರವಿದ್ದ ಕೆಲವು ಸ್ತ್ರೀಯರು ತಾವಾಗಿಯೇ ಅದಕ್ಕೆ ಮರಳಿದ್ದೂ ಇದೆ.

ನಮ್ಮ ದೀನ್ ನೀಡಿದ ಸುಲಭ ದಾರಿ

ಇಸ್ಲಾಮಿನಲ್ಲಿ ಶುದ್ಧಿಗೆ ಕೊಳ ಬೇಕಿಲ್ಲ. ಪ್ರವಾದಿ(ಸ)ರವರು ಸುಮಾರು ಒಂದು ಸಾಅ್, ಅಂದರೆ ಮೂರು ಲೀಟರಿನಷ್ಟು ನೀರಿನಲ್ಲಿ ಗುಸ್ಲ್ ಮಾಡುತ್ತಿದ್ದರು. ಜಡೆ ಬಿಚ್ಚಬೇಕೇ ಎಂದು ಉಮ್ಮು ಸಲಮಾ(ರ) ಕೇಳಿದಾಗ, ತಲೆಗೆ ಮೂರು ಬೊಗಸೆ ನೀರು ಹಾಕಿದರೆ ಸಾಕು ಎಂದರು. ನೀರೇ ಇಲ್ಲದಿದ್ದರೆ ತಯಮ್ಮುಮ್ ಇದೆ.

ಮದೀನಾದ ಯಹೂದಿಗಳು ಮುಟ್ಟಾದ ಸ್ತ್ರೀಯೊಂದಿಗೆ ಊಟ ಮಾಡುತ್ತಿರಲಿಲ್ಲ, ಒಂದೇ ಮನೆಯಲ್ಲಿ ಇರುತ್ತಿರಲಿಲ್ಲ. ಸಹಾಬಿಗಳು ಈ ಬಗ್ಗೆ ಕೇಳಿದಾಗ ಅಲ್‌ಬಕರ ಅಧ್ಯಾಯದ 222ನೇ ಸೂಕ್ತ ಅವತೀರ್ಣವಾಯಿತು. ದೈಹಿಕ ಸಂಬಂಧವೊಂದನ್ನು ಬಿಟ್ಟು ಉಳಿದೆಲ್ಲವೂ ಸಮ್ಮತ ಎಂದು ಪ್ರವಾದಿ(ಸ) ವಿವರಿಸಿದರು. ಮಸೀದಿಯಿಂದ ಚಾಪೆ ಕೊಡಲು ಹೇಳಿದಾಗ ತಾನು ಮುಟ್ಟಾಗಿದ್ದೇನೆಂದು ಆಯಿಶಾ(ರ) ಹಿಂಜರಿದರು. ಮುಟ್ಟು ನಿನ್ನ ಕೈಯಲ್ಲಿಲ್ಲವಲ್ಲ ಎಂದು ಪ್ರವಾದಿ(ಸ) ಸಮಾಧಾನಿಸಿದರು.

ಇಷ್ಟು ಸ್ಪಷ್ಟವಾಗಿದ್ದರೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಗುಸ್ಲ್ ಕಲಿಸುವುದು ಪಿಸುಮಾತಿನಲ್ಲಿ, ನಾಚಿಕೆಯ ವಿಷಯವೆಂಬಂತೆ. ಮಗಳು ತಾನು ಕೊಳಕು ಎಂದು ತಿಳಿದು ಬೆಳೆಯುತ್ತಾಳೆ. ಮುಟ್ಟು ಕೊಳಕಲ್ಲ, ಗುಸ್ಲ್ ಶಿಕ್ಷೆಯಲ್ಲ, ಅದು ನಮಾಝ್‌ಗೆ ಮರಳುವ ಬಾಗಿಲು ಎಂದು ತಾಯಿ ಬಾಯಿಬಿಟ್ಟು ಹೇಳಬೇಕು. ಗಂಡುಮಕ್ಕಳಿಗೆ ಜನಾಬತ್‌ನ ನಿಯಮವನ್ನು ತಂದೆ ಸಂಕೋಚವಿಲ್ಲದೆ ಕಲಿಸಬೇಕು.

ರೋಗ, ದುಃಖಗಳಿಂದ ಹೊರಬಂದಾಗ ನಾವು ಹೊಸ ಸ್ನಾನವಿಧಿ ಕಟ್ಟಿಕೊಳ್ಳಬೇಕಿಲ್ಲ. ತೌಬಾ, ಎರಡು ರಕಅತ್ ನಮಾಝ್, ದುಆ ನಮ್ಮ ಬಳಿ ಇವೆ. ಆದರೆ ಇರುವ ಗುಸ್ಲ್‌ನಲ್ಲಿ ನಿಯ್ಯತ್ ಇದೆಯೇ? ಉಗುರಿನ ಬಣ್ಣದ ಅಡಿ ನೀರು ತಲುಪಿತೇ ಎಂದು ನೋಡುವ ನಾವು ಮನಸ್ಸಿನ ಹಗೆಯನ್ನು, ಜೇಬಿನ ಹರಾಮ್ ಹಣವನ್ನು ನೋಡಿಕೊಳ್ಳುತ್ತೇವೆಯೇ? ಅಲ್ಲಾಹನು ತೌಬಾ ಮಾಡುವವರನ್ನೂ ಶುದ್ಧಿ ಪಾಲಿಸುವವರನ್ನೂ ಮೆಚ್ಚುತ್ತಾನೆಂದು ಆ ಸೂಕ್ತ ಎರಡನ್ನೂ ಜೊತೆಯಾಗಿಯೇ ತಿಳಿಸಿದೆ.

ಮುಂದಿನ ಜುಮಾದ ಸ್ನಾನಕ್ಕೆ ಹೊರಟಾಗ ಒಂದು ಕ್ಷಣ ನಿಂತು ನಿಯ್ಯತ್ ಮಾಡೋಣ. ಅಲ್ಲಾಹನು ನಮ್ಮ ಮೈಯನ್ನೂ ಮನಸ್ಸನ್ನೂ ಶುದ್ಧಗೊಳಿಸಲಿ. ಆಮೀನ್.