ಹಗ್ಗ ಹಗುರಾದ ಗರಗಸ

ಬೆಳಿಗ್ಗೆ ಎರಡೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಒಂದಷ್ಟು ಹೊತ್ತು ಸಿಲ್ವರ್ ಓಕ್ ಕೊಯ್ದು, ನೀರು ಕುಡಿಯಲೆಂದು ಆಫ್ ಮಾಡಿದರೆ ಮುಗಿಯಿತು. ಆಮೇಲೆ ಎಷ್ಟು ಎಳೆದರೂ ಜಪ್ಪಯ್ಯ ಅನ್ನುವುದಿಲ್ಲ. ತಣ್ಣಗಾದ ಮೇಲೆ ಮತ್ತೆ ಸರಿ. ಹಳೆಯ ಚೈನ್‌ಸಾ ಇಟ್ಟುಕೊಂಡ ಕಾಫಿ ತೋಟದವರು ಒಂದಲ್ಲ ಒಂದು ದಿನ ಹೇಳುವ ದೂರು ಇದು. ಪ್ಲಗ್ ಬದಲಾಗುತ್ತದೆ, ಕಾರ್ಬೊರೇಟರ್ ಬಿಚ್ಚಿ ತೊಳೆದದ್ದಾಗುತ್ತದೆ. ಆದರೆ ಹಗ್ಗ ಎಳೆಯುವವನ ಕೈಗೆ ವಿಷಯ ಮೊದಲೇ ಗೊತ್ತಾಗಿರುತ್ತದೆ: ಮೊದಲಿದ್ದ ಬಿಗಿ ಈಗಿಲ್ಲ. ಮೆಕ್ಯಾನಿಕ್‌ಗಳು ಇದನ್ನೇ ‘ಕಂಪ್ರೆಷನ್ ಹೋಗಿದೆ’ ಅನ್ನುತ್ತಾರೆ.

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆಲ್ಲ ಗೊತ್ತಿರುವ ಸಂಗತಿ. ಗರಗಸದ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುತ್ತ ಪೆಟ್ರೋಲ್ ಆವಿ ಬೆರೆತ ಗಾಳಿಯನ್ನು ಆರೇಳು ಪಟ್ಟು ಕುಗ್ಗಿಸಿದರೆ, ಒಂದು ತೊಟ್ಟೂ ಸೋರದಿದ್ದರೆ, ಅದರ ಉಷ್ಣಾಂಶ 250 ಡಿಗ್ರಿ ಸೆಲ್ಷಿಯಸ್ ದಾಟಬೇಕು ಎನ್ನುತ್ತದೆ ಲೆಕ್ಕ. ಅಷ್ಟು ಬಿಸಿಯಾಗಿ, ಅಷ್ಟು ದಟ್ಟವಾಗಿ ಇದ್ದರೆ ಮಾತ್ರ ಪ್ಲಗ್‌ನ ಕಿಡಿಗೆ ಆ ಮಿಶ್ರಣ ತಟ್ಟನೆ ಹೊತ್ತಿಕೊಳ್ಳುತ್ತದೆ. ಸೋರಿದರೆ ಕಿಡಿ ಬಿದ್ದೂ ಉಪಯೋಗವಿಲ್ಲ.

ಓಡುತ್ತಿರುವಾಗ ತೊಂದರೆ ಕೊಡದ ಸೋರಿಕೆ ಎಳೆಯುವಾಗಲೇ ಯಾಕೆ ಕಾಡುತ್ತದೆ? ಸಮಯದ ಲೆಕ್ಕ. ನಿಮಿಷಕ್ಕೆ 12,000 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಸುತ್ತಿಗೆ ಹಿಡಿಯುವುದು ಸೆಕೆಂಡಿನ ಇನ್ನೂರನೇ ಒಂದು ಭಾಗ. ಸಣ್ಣ ಸಂದಿಯಿಂದ ಅನಿಲ ನುಣುಚಿಕೊಳ್ಳಲು ಅಷ್ಟರಲ್ಲಿ ಪುರುಸೊತ್ತೇ ಇರುವುದಿಲ್ಲ. ಕೈಯಲ್ಲಿ ಹಗ್ಗ ಎಳೆದಾಗಿನ ವೇಗ ಅದರ ಒಂದಂಶವಷ್ಟೇ. ಮೇಲಾಗಿ, ಸವೆದ ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದಿಯನ್ನು ತಣ್ಣಗಿರುವಾಗ ಎಣ್ಣೆಯ ಪದರ ಅಷ್ಟಿಷ್ಟು ಮುಚ್ಚಿರುತ್ತದೆ. ಬಿಸಿಯಾಗಿ ಎಣ್ಣೆ ತೆಳುವಾದಂತೆ ಆ ಸಹಾಯವೂ ತಪ್ಪುತ್ತದೆ.

ಕಾರಿನ ಎಂಜಿನ್ನಾದರೆ ವಾಲ್ವುಗಳ ಮೇಲೂ ಅನುಮಾನ ಪಡಬೇಕಿತ್ತು. ಇಲ್ಲಿ ಅವೇ ಇಲ್ಲ. ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ 1891ರಲ್ಲಿ ಪೇಟೆಂಟ್ ಪಡೆದ ಟೂ-ಸ್ಟ್ರೋಕ್ ವಿನ್ಯಾಸದ ವಂಶದ್ದು ಈ ಎಂಜಿನ್. ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಹಾಗಾಗಿ ಒತ್ತಡ ಸೋರಲು ಉಳಿಯುವ ದಾರಿಗಳು ಬೆರಳೆಣಿಕೆಯವು: ರಿಂಗು, ಪಿಸ್ಟನ್ನು, ಸಿಲಿಂಡರಿನ ಗೋಡೆ, ಸಡಿಲ ಪ್ಲಗ್, ಮತ್ತು ದೊಡ್ಡ ಗರಗಸಗಳಲ್ಲಿ ಎಳೆತ ಹಗುರಾಗಲೆಂದು ಕೊಟ್ಟಿರುವ ಡಿಕಂಪ್ರೆಷನ್ ಗುಂಡಿ. ಆ ಗುಂಡಿ ಮಸಿ ಕಟ್ಟಿ ಅರೆ ತೆರೆದು ಕೂತಿದ್ದರೆ, ಅದನ್ನು ಬದಲಿಸಿದರೆ ಸಾಕು. ಸಿಲಿಂಡರ್ ಬಿಚ್ಚುವ ಮುಂಚೆ ಅದನ್ನು ನೋಡದವರೇ ಹೆಚ್ಚು.

ಪರೀಕ್ಷೆಗೆ ಉಪಕರಣವಿಲ್ಲದ ಉಪಾಯವೊಂದಿದೆ. ಸ್ವಿಚ್ ಆಫ್ ಮಾಡಿ, ಸ್ಟಾರ್ಟರ್ ಹಗ್ಗದ ಹಿಡಿಯನ್ನೇ ಹಿಡಿದು ಗರಗಸವನ್ನು ಎತ್ತುವುದು. ಕಂಪ್ರೆಷನ್ ಇದ್ದರೆ ಅದು ಒಂದೊಂದು ಸುತ್ತಿಗೂ ತಡೆದು ತಡೆದು ಇಳಿಯುತ್ತದೆ. ಇಲ್ಲದಿದ್ದರೆ ಸರ್ರನೆ ಜಾರುತ್ತದೆ. ಅಂದಾಜಿಗೆ ಇಷ್ಟು ಸಾಕು. ಸಂಖ್ಯೆ ಬೇಕೆಂದರೆ ಪ್ಲಗ್ ತೆಗೆದು ಆ ಜಾಗಕ್ಕೆ ಗೇಜ್ ಸಿಕ್ಕಿಸಿ, ಥ್ರಾಟಲ್ ಪೂರ್ತಿ ಒತ್ತಿ, ಮುಳ್ಳು ಇನ್ನು ಏರದು ಅನ್ನುವವರೆಗೆ ಹಗ್ಗ ಎಳೆಯಬೇಕು. ಆರೋಗ್ಯವಂತ ಗರಗಸ ಸಾಮಾನ್ಯವಾಗಿ 130ರಿಂದ 160 ಪಿಎಸ್‌ಐ ತೋರಿಸುತ್ತದೆ. ನೂರರ ಆಸುಪಾಸಿಗೆ ಇಳಿಯಿತೆಂದರೆ ತಕರಾರು ಶುರು. ತೊಂಬತ್ತರ ಕೆಳಗೆ ಸ್ಟಾರ್ಟ್ ಆಗುವುದೇ ಅನುಮಾನ. ಕಾರಿನ ಗೇಜನ್ನು ಮಾತ್ರ ನಂಬಬಾರದು. 60 ಸಿಸಿಯ ಗರಗಸದಲ್ಲಿ ಪಿಸ್ಟನ್ ಪೂರ್ತಿ ಮೇಲೇರಿದಾಗ ಉಳಿಯುವ ಜಾಗ ಒಂದೂವರೆ ಟೀ ಚಮಚದಷ್ಟು. ಗೇಜಿನ ಉದ್ದನೆ ಹೋಸ್‌ನ ಒಳಜಾಗವೂ ಅದಕ್ಕೆ ಕೂಡಿಕೊಂಡರೆ ಮುಳ್ಳು ಕಡಿಮೆಯನ್ನೇ ತೋರಿಸುತ್ತದೆ. ತಡೆವಾಲ್ವು ಪ್ಲಗ್ ಕಡೆಯ ತುದಿಯಲ್ಲೇ ಇರುವ ಗೇಜ್ ಬೇಕು.

ಗೇಜಿಗಿಂತ ಹೆಚ್ಚು ಹೇಳುವುದು ಕಣ್ಣು. ಸೈಲೆನ್ಸರಿನ ಎರಡು ಮೂರು ಬೋಲ್ಟ್ ಬಿಚ್ಚಿ, ಹಗ್ಗವನ್ನು ಮೆಲ್ಲಗೆ ಎಳೆದು ಪಿಸ್ಟನ್ನನ್ನು ಕಿಂಡಿಯ ಎದುರಿಗೆ ತಂದು ಟಾರ್ಚ್ ಬಿಡಿ. ಒಳ್ಳೆಯ ಪಿಸ್ಟನ್ನಿನ ಮೈ ನಯವಾಗಿ, ಮಾಸಲು ಬೂದು ಬಣ್ಣದಲ್ಲಿರುತ್ತದೆ. ಕೆಟ್ಟದ್ದರ ಮೈಮೇಲೆ ಮೇಲಿಂದ ಕೆಳಕ್ಕೆ ಗೀರುಗಳು. ಆ ಗೀರು ಯಾವ ಕಡೆ ಇದೆ ಅನ್ನುವುದರಲ್ಲಿ ಕಾರಣವಿದೆ. ಹೊಗೆ ಹೋಗುವ ಕಡೆಗಷ್ಟೇ ಇದ್ದರೆ ಎಂಜಿನ್ ಮಿತಿಮೀರಿ ಕಾದಿದೆ; ಬಹುಪಾಲು ಪೆಟ್ರೋಲ್ ಕಮ್ಮಿಯಾಗಿ ಗಾಳಿ ಹೆಚ್ಚಾದದ್ದರಿಂದ. ಗಾಳಿ ಬರುವ ಕಡೆಗೆ ಇದ್ದರೆ, ಮೈ ಮಂಕಾಗಿ ಸವೆದಿದ್ದರೆ, ಹರಿದ ಏರ್ ಫಿಲ್ಟರಿನಿಂದ ಮರದ ಪುಡಿ, ಧೂಳು ಒಳಗೆ ಹೋಗಿದೆ. ಸುತ್ತಲೂ ಗೀರಿದ್ದರೆ ಯಾರೋ ಟೂ-ಟಿ ಆಯಿಲ್ ಹಾಕದ ಬರಿಯ ಪೆಟ್ರೋಲ್ ತುಂಬಿದ್ದಾರೆ. ಕೇಳಿದರೆ ಒಪ್ಪಿಕೊಳ್ಳುವವರು ಸಿಗುವುದಿಲ್ಲ.

ಈ ಕಾರಣ ಹಿಡಿಯದೆ ಹೊಸ ಪಿಸ್ಟನ್ ಕೂರಿಸುವುದು ದುಡ್ಡು ದಂಡ. ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್‌ಗಳಿಗೆ ಟೂ-ಸ್ಟ್ರೋಕ್ ಪಾಠ ಹೇಳಿಕೊಟ್ಟದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರವರೆಗೆ ತಯಾರಿಸಿದ ಯೆಜ್ಡಿ ಬೈಕುಗಳು. ‘ಬೋರ್ ಮಾಡ್ಸಿ, ಓವರ್‌ಸೈಜ್ ಪಿಸ್ಟನ್ ಹಾಕ್ಬಿಡೋಣ ಸಾರ್’ ಎಂಬ ಮಾತು ಬರುವುದು ಆ ಅನುಭವದಿಂದಲೇ. ಯೆಜ್ಡಿಯ ಸಿಲಿಂಡರ್ ಎರಕದ ಕಬ್ಬಿಣದ್ದು, ಕೊರೆದರೆ ಕೊರೆಸಿಕೊಳ್ಳುತ್ತದೆ. ಇಂದಿನ ಬಹುತೇಕ ಒಳ್ಳೆಯ ಗರಗಸಗಳದ್ದು ಅಲ್ಯೂಮಿನಿಯಂ. ಅದರ ಒಳಮೈಗೆ ಕ್ರೋಮಿಯಂನ ಅಥವಾ ನಿಕ್ಕೆಲ್‌ನೊಳಗೆ ಸಿಲಿಕಾನ್ ಕಾರ್ಬೈಡ್ ಕಣ ಹುದುಗಿಸಿದ ಗಟ್ಟಿ ಲೇಪ. ಈ ಎರಡನೆಯದೇ ಜರ್ಮನಿಯ ಮಾಲೆ ಕಂಪನಿ 1960ರ ದಶಕದಲ್ಲಿ ರೂಪಿಸಿದ ನಿಕಸಿಲ್. ಲೇಪದ ದಪ್ಪ ಮಿಲಿಮೀಟರಿನ ಚಿಕ್ಕದೊಂದು ಭಾಗ. ಬೋರ್ ಮಾಡಿದರೆ ಮೊದಲು ಹೋಗುವುದು ಅದೇ, ಉಳಿಯುವುದು ಮೆತ್ತನೆಯ ಅಲ್ಯೂಮಿನಿಯಂ.

ಸಮಾಧಾನದ ಸಂಗತಿಯೆಂದರೆ, ಸಿಲಿಂಡರಿನಲ್ಲಿ ಗೀರಿನಂತೆ ಕಾಣುವುದು ಎಷ್ಟೋ ಸಲ ಗೀರೇ ಅಲ್ಲ. ಕಾದ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಲೇಪದ ಮೇಲೆ ಮೆತ್ತಿಕೊಂಡಿರುತ್ತದೆ. ಟೈಲ್ಸ್ ತೊಳೆಯಲು ಮಾರುವ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಹತ್ತಿಯ ಕಡ್ಡಿಯಲ್ಲಿ ಆ ಜಾಗಕ್ಕಷ್ಟೇ ಸವರಿದರೆ ನೊರೆ ಏಳುತ್ತದೆ. ಅಲ್ಯೂಮಿನಿಯಂ ಕರಗಿ ಹೈಡ್ರೋಜನ್ ಹೊರಡುವ ಗುರುತು ಅದು. ಮೆತ್ತಿದ್ದು ಮುಗಿದಾಗ ನೊರೆ ತಾನಾಗಿ ನಿಲ್ಲುತ್ತದೆ, ಕೆಳಗಿನ ನಿಕ್ಕೆಲ್ ಅಷ್ಟು ಬೇಗ ಬಗ್ಗುವುದಿಲ್ಲ. ಎಷ್ಟು ಒರೆಸಿ ಸವರಿದರೂ ಅದೇ ಜಾಗದಲ್ಲಿ ನೊರೆ ಬರುತ್ತಲೇ ಇದ್ದರೆ ಲೇಪ ಕಿತ್ತುಹೋಗಿ ಸಿಲಿಂಡರಿನ ಸ್ವಂತ ಅಲ್ಯೂಮಿನಿಯಂ ಕರಗುತ್ತಿದೆ ಎಂದರ್ಥ. ಆ ಸಿಲಿಂಡರ್ ಗುಜರಿಗೆ. ಕಿಂಡಿಗಳ ಅಂಚಿಗೆ ಆಸಿಡ್ ತಾಗಿಸಬಾರದು. ಬಯಲಿನಲ್ಲಿ, ಗ್ಲೌಸು ಕನ್ನಡಕ ಹಾಕಿಕೊಂಡೇ ಈ ಕೆಲಸ. ಕೊನೆಗೆ ಅಡುಗೆ ಸೋಡಾದ ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು.

ಹೊಸ ರಿಂಗನ್ನು ಮೊದಲು ಖಾಲಿ ಸಿಲಿಂಡರಿಗೆ ಬಿಟ್ಟು, ಪಿಸ್ಟನ್ನಿನ ತಲೆಯಿಂದ ನೆಟ್ಟಗೆ ತಳ್ಳಿ, ಅದರ ಎರಡು ತುದಿಗಳ ನಡುವಿನ ಸಂದಿಯನ್ನು ಫೀಲರ್ ಗೇಜಿನಲ್ಲಿ ಅಳೆಯುತ್ತಾರೆ. ಮಿಲಿಮೀಟರಿನ ಕಾಲು ಭಾಗದ ಆಚೀಚೆ ಇದ್ದರೆ ಒಳ್ಳೆಯದು. ಒಂದು ಮಿಲಿಮೀಟರ್ ಮುಟ್ಟಿದರೆ ಸಿಲಿಂಡರ್ ಸವೆದಿದೆ. ಪಿಸ್ಟನ್ನಿನಲ್ಲಿ ರಿಂಗು ಕೂರುವ ತೋಡಿನಲ್ಲಿ ಒಂದು ಸಣ್ಣ ಮೊಳೆ ಇರುತ್ತದೆ, ರಿಂಗಿನ ತುದಿಗಳು ಅದರ ಎರಡೂ ಬದಿಗೆ ಕೂರಬೇಕು. ತುದಿ ತಿರುಗಿ ಕಿಂಡಿಗೆ ಸಿಕ್ಕಿದರೆ ಮೊದಲ ಸ್ಟಾರ್ಟಿಗೇ ಎಲ್ಲವೂ ಪುಡಿ. ಪಿಸ್ಟನ್ನಿನ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆಗೆ, ಪಿಸ್ಟನ್ ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್ ಹೊಸದು. ಉಳಿದದ್ದು ಬಿಚ್ಚಿದ ಕ್ರಮವನ್ನೇ ತಿರುವುಮುರುವಾಗಿ ಅನುಸರಿಸಿದರೆ ಆಯಿತು.

ಇನ್ನು ಪಿಸ್ಟನ್ ಮಿತಿಮೀರಿ ಕಾಯುವುದರ ಮೂಲ. ಹಳೆಯ ಗರಗಸದಲ್ಲಿ ಅದು ಹೆಚ್ಚಾಗಿ ರಬ್ಬರಿನ ಭಾಗಗಳಲ್ಲಿರುತ್ತದೆ: ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್‌ಗಳು, ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಕೊಳವೆ. ಇವು ಬಿರುಕುಬಿಟ್ಟರೆ ಅಲ್ಲಿಂದ ಲೆಕ್ಕವಿಲ್ಲದ ಗಾಳಿ ನುಗ್ಗುತ್ತದೆ. ಕಿಂಡಿಗಳನ್ನೆಲ್ಲ ಮುಚ್ಚಿ ಕ್ರ್ಯಾಂಕ್‌ಕೇಸಿಗೆ ಏಳು ಪಿಎಸ್‌ಐನಷ್ಟು ಗಾಳಿ ತುಂಬಿ, ಸಾಬೂನು ನೀರು ಸವರಿ ಗುಳ್ಳೆ ಹುಡುಕಬೇಕು. ಆಮೇಲೆ ಕೈಪಂಪಿನಿಂದ ಗಾಳಿ ಹೀರಿಯೂ ನೋಡಬೇಕು, ಕೆಲವು ಸೀಲುಗಳು ಹೀರಿದಾಗ ಮಾತ್ರ ಸೋರುತ್ತವೆ.

ಈಗ ಪೆಟ್ರೋಲೂ ಬೇರೆಯಾಗಿದೆ. 2025ರ ಹೊತ್ತಿಗೆ ದೇಶದ ಬಂಕ್‌ಗಳಲ್ಲಿ ಶೇ. 20 ಎಥನಾಲ್ ಬೆರೆತದ್ದೇ ಸಾಮಾನ್ಯವಾಯಿತು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ, ಹಳೆಯ ಪೆಟ್ರೋಲಿಗೆ ಹೊಂದಿಸಿಟ್ಟ ಕಾರ್ಬೊರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಅದು ತೇವವನ್ನೂ ಹೀರುತ್ತದೆ. ಮಳೆಗಾಲವಿಡೀ ಟ್ಯಾಂಕಿನಲ್ಲಿ ಬಿಟ್ಟರೆ ನೀರು ಹೆಚ್ಚಾಗಿ ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಟೂ-ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಇಂಧನ ಹೀರುವ ಫಿಲ್ಟರ್ ಇರುವುದು ತಳದಲ್ಲಿ.

ರಿಪೇರಿಯಾದ ಗರಗಸದ ಕಾರ್ಬೊರೇಟರಿನಲ್ಲಿ ಪೂರ್ತಿ ವೇಗದ ಮಿಶ್ರಣ ಹೊಂದಿಸುವ ‘ಎಚ್’ ಸ್ಕ್ರೂವನ್ನು ಕಿವಿಯಿಂದಲೇ ಹೊಂದಿಸುವವರಿದ್ದಾರೆ. ಭಾರವಿಲ್ಲದೆ ಪೂರ್ತಿ ಥ್ರಾಟಲ್ ಕೊಟ್ಟಾಗ ಸದ್ದು ಕಿರುಚಬಾರದು, ಗುರುಗುಟ್ಟಿದಂತೆ ಒಡೆದು ಕೇಳಬೇಕು. ಮಿಶ್ರಣ ತುಸು ದಪ್ಪವಾಗಿ, ಒಂದೊಂದು ಸುತ್ತು ಬಿಟ್ಟು ಹೊತ್ತಿಕೊಳ್ಳುತ್ತಿರುವ ಸದ್ದು ಅದು. ಬಾರನ್ನು ಮರಕ್ಕೆ ತಾಗಿಸಿದೊಡನೆ ಆ ಗುರುಗುರು ಮಾಯವಾಗಿ ಸದ್ದು ಸ್ವಚ್ಛವಾದರೆ ಸ್ಕ್ರೂ ಅಲ್ಲಿಗೇ ಬಿಡಬಹುದು. ನಾಲ್ಕೈದು ಟ್ಯಾಂಕ್ ಓಡಿಸಿ ರಿಂಗು ಹೊಂದಿಕೊಂಡ ಮೇಲೆ ಗೇಜ್ ಹಾಕಿ ನೋಡಿದರೆ ಮುಳ್ಳು ಮೊದಲ ದಿನಕ್ಕಿಂತ ಇನ್ನಷ್ಟು ಮೇಲೇರಿರುತ್ತದೆ.